ಭತ್ತದ ಸೀಮೆಗೆ ಕೋಲಾರದ ಕವಚ

ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೂ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದ ಮೇಲೆ, ಜೋಳ ಸಜ್ಜೆಗಳನ್ನೇ ನೆಚ್ಚಿದ್ದ ಈ ಸೀಮೆಯಲ್ಲಿ ಭತ್ತದ ಗದ್ದೆಗಳು ಹಬ್ಬಿ ಅನ್ನಸಮೃದ್ಧಿಯುಂಟಾದುದು ಸರ್ವವಿದಿತ. ಆದರೆ ಆ ನಿಂತ ನೀರಿನಲ್ಲಿಯೇ ಕ್ಯೂಲೆಕ್ಸ್ ಸೊಳ್ಳೆಯೂ ಮರಿಮಾಡುತ್ತದೆ; ಬೆಳ್ಳಕ್ಕಿ ಹಂದಿಗಳ ರಕ್ತದಲ್ಲಿ ವೃದ್ಧಿಹೊಂದಿದ ವೈರಾಣುವನ್ನು ಹೀರಿ, ಮುಸ್ಸಂಜೆ ಅಂಗಳದಲ್ಲಿ ಆಡುವ ಮಗುವಿನ ಮೈಗೆ ಸೇರಿಸುತ್ತದೆ. ಸೋಂಕು ತಗಲಿದ ಬಹುತೇಕರಿಗೆ ಅದರ ಸುಳಿವೂ ಸಿಗದು; ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಅದು ಮಿದುಳಿಗೇರಿ, ಜ್ವರ, ವಾಂತಿ, ಫಿಟ್ಸುಗಳಾಗಿ ಪ್ರಕಟವಾಗುತ್ತದೆ. ಹಾಗೆ ಮಲಗಿದವರಲ್ಲಿ ನೂರಕ್ಕೆ ಮೂವತ್ತರವರೆಗೂ ಮೃತ್ಯುವಶರಾಗಬಹುದು; ಬದುಕುಳಿದ ಅನೇಕರ ಕೈಕಾಲು, ಮಾತು, ಬುದ್ಧಿಗಳಲ್ಲಿ ಊನ ಉಳಿಯುತ್ತದೆ. ಜನ ಮೆದುಳು ಜ್ವರವೆಂದೂ ವೈದ್ಯರು ಜಪಾನೀಸ್ ಎನ್ಸೆಫಲೈಟಿಸ್ ಎಂದೂ ಕರೆಯುವ ಈ ವ್ಯಾಧಿ ಬೇರೂರಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು.

ವೈರಾಣುವನ್ನೇ ಕೊಲ್ಲುವ ಔಷಧ ಇದಕ್ಕೆ ಇಂದಿಗೂ ಇಲ್ಲವಾದ್ದರಿಂದ, ದೇಹದ ರೋಗನಿರೋಧಕ ಶಕ್ತಿಯನ್ನು ಮುಂಚಿತವಾಗಿಯೇ ಪ್ರಬಲಗೊಳಿಸುವುದೊಂದೇ ವಿಜ್ಞಾನಕ್ಕೆ ಉಳಿದ ದಾರಿಯಾಯಿತು. 1935ರಲ್ಲಿ ಜಪಾನಿನ ರೋಗಿಯೊಬ್ಬರಿಂದ ದೊರೆತ ನಕಯಾಮ ತಳಿಯನ್ನು ಇಲಿಯ ಮಿದುಳಿನಲ್ಲಿ ಬೆಳೆಸಿ ಲಸಿಕೆ ಮಾಡುವ ಪದ್ಧತಿ ಮೊದಲು ರೂಢಿಗೆ ಬಂದಿತು. ನಮ್ಮ ದೇಶದಲ್ಲಿ ಆ ಬಗೆಯ ಲಸಿಕೆ ಕಸೌಲಿಯಲ್ಲಿ ತಯಾರಾಗುತ್ತಿತ್ತು. 1955ರಲ್ಲಿ ವೆಲ್ಲೂರಿನ ಕಡೆ ಮೊದಲು ಗುರುತಿಸಲ್ಪಟ್ಟ ರೋಗ 2005ರಲ್ಲಿ ಗೋರಖಪುರ ಪ್ರಾಂತದ ಮಕ್ಕಳನ್ನು ಬಲಿತೆಗೆದುಕೊಂಡಾಗ, ಮರುವರ್ಷ ಚೀನಾದಿಂದ ಜೀವಂತವಾದ, ಆದರೆ ದುರ್ಬಲಗೊಳಿಸಿದ ವೈರಾಣುವಿನ ಲಸಿಕೆಯನ್ನು ತರಿಸಿ ಸಾಮೂಹಿಕ ಅಭಿಯಾನವನ್ನು ಆರಂಭಿಸಲಾಯಿತು.

ಸ್ವದೇಶದ ಉತ್ತರವಾದರೋ ಕನ್ನಡ ನೆಲದಲ್ಲಿಯೇ ಹುದುಗಿತ್ತು. ಎಂಬತ್ತರ ದಶಕದ ಆದಿಯಲ್ಲಿ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಾಣುವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕಾಪಿಟ್ಟಿತ್ತು. ಅದನ್ನೇ ಮೂಲವಾಗಿರಿಸಿ ಹೈದರಾಬಾದಿನ ಭಾರತ್ ಬಯೋಟೆಕ್, ಇಲಿಯ ಮಿದುಳಿನ ಬದಲು ವೀರೋ ಎಂಬ ಜೀವಕೋಶಗಳಲ್ಲಿ ಬೆಳೆಸಿ, ನಿಷ್ಕ್ರಿಯಗೊಳಿಸಿ, ರೂಪಿಸಿದ ಜೆನ್‌ವ್ಯಾಕ್ 2013ರಲ್ಲಿ ಬಳಕೆಗೆ ಬಂದಿತು. ಅದರಲ್ಲಿನ ವೈರಾಣು ರೋಗ ತರಲಾರದಷ್ಟು ನಿರ್ಜೀವವಾದರೂ ರೂಪ ಕೆಡದಿರುವುದರಿಂದ, ದೇಹವು ಶತ್ರುವಿನ ಗುರುತು ಹಿಡಿದು ಪ್ರತಿಕಾಯಗಳನ್ನು ಸಿದ್ಧವಾಗಿರಿಸಿಕೊಳ್ಳುತ್ತದೆ.

ರೋಗವಿರುವ ಜಿಲ್ಲೆಗಳಲ್ಲಿ ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಲಸಿಕೆಯ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಸೂಜಿ, ಸರಕಾರದಿಂದ ಉಚಿತ. ಮೊದಲನೆಯದು ಆದ ಮೇಲೆ ಮಗು ಆಡಿಕೊಂಡಿದೆಯಲ್ಲ ಎಂದು ಎರಡನೆಯದನ್ನು ಮರೆಯಬಾರದು. ಸುಗ್ಗಿಗೆಂದು ಊರು ಬಿಟ್ಟು ಹೋಗುವ ಕೂಲಿಕಾರರ ಮಕ್ಕಳ ತಾಯಿ ಕಾರ್ಡನ್ನು ಆಶಾ ಕಾರ್ಯಕರ್ತೆ ತೆರೆಸಿ ನೋಡುವುದು ಇದಕ್ಕಾಗಿಯೇ. ಜ್ವರ ಮಿದುಳಿಗೇರಿದ ಬಳಿಕ ರಾಯಚೂರಿನ ದೊಡ್ಡಾಸ್ಪತ್ರೆಯಾದರೂ ಉಸಿರಿಗೆ ಆಸರೆ ಕೊಟ್ಟು, ಸೆಳವನ್ನು ತಡೆದು ಕಾಯಬಲ್ಲುದೇ ಹೊರತು, ಮುಂಚೆ ತಪ್ಪಿದ ರಕ್ಷೆಯನ್ನು ಆಗ ಒದಗಿಸಲಾರದು.