ಗಾಳಿ ತೆಗೆಯುವ ಮಿಸ್ತ್ರಿಗಳು

ದಸರಾ ಮುಗಿದು ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ಚಿಮ್ಮಡ, ಮಹಾಲಿಂಗಪುರ, ಬನಹಟ್ಟಿ ಸುತ್ತಿನ ಗ್ಯಾರೇಜುಗಳಲ್ಲಿ ಪುರುಸೊತ್ತು ಇರುವುದಿಲ್ಲ. ಸಮೀರವಾಡಿ, ಮುಧೋಳ, ಜಮಖಂಡಿ ಕಡೆಯ ಕಾರ್ಖಾನೆಗಳಿಗೆ ಕಬ್ಬು ಹೇರುವ ಟ್ರ್ಯಾಕ್ಟರುಗಳು, ಕಡಿಯುವ ಗ್ಯಾಂಗಿನವರಿಗೆ ದಿನಸಿ ಒಯ್ಯುವ ಪಿಕಪ್ಪುಗಳು, ಸಂತೆಗೆ ಕಾಯಿಪಲ್ಲೆ ಸಾಗಿಸುವ ಛೋಟಾ ಹಾತಿಗಳು, ಮನೆಗೊಂದರಂತೆ ಇರುವ ಬೈಕುಗಳು ಎಲ್ಲವೂ ಒಮ್ಮೆಲೇ ಬಂದು ನಿಲ್ಲುತ್ತವೆ. ಎಂಜಿನ್ ಆಯಿಲ್ ಬದಲಿಸಿ, ಗ್ರೀಸ್ ಹೊಡೆಯಿರಿ, ಟೈರು ನೋಡಿ ಎಂದು ಗಿರಾಕಿಗಳೇ ಹೇಳುತ್ತಾರೆ. ಬ್ರೇಕ್ ಆಯಿಲ್ ಬದಲಿಸಿ ಎಂದು ತಾವಾಗಿ ಕೇಳುವವರು ಮಾತ್ರ ಅಪರೂಪ. ಪೆಡಲು ಒಳಗೆ ಹೋಗಲು ಶುರುವಾದ ಮೇಲೆಯೇ ಅದರ ನೆನಪು. "ಕಾಕಾ, ಬ್ರೇಕ್ ಒಳಗ ಹೊಂಟೈತಿ, ಎರಡ್ ಸಲ ಹೊಡದ್ರ ಹಿಡೀತೈತಿ" ಎಂಬುದು ಇಲ್ಲಿನ ಗ್ಯಾರೇಜುಗಳಲ್ಲಿ ದಿನವೂ ಕೇಳಿಬರುವ ದೂರು.

ಎರಡು ಸಲ ಒತ್ತಿದರೆ ಹಿಡಿಯುತ್ತದೆ ಎಂದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಮಿಸ್ತ್ರಿಗಳು ಥಟ್ಟನೆ ಹೇಳುತ್ತಾರೆ. ಇದರ ಹಿಂದಿರುವುದು ಶಾಲೆಯಲ್ಲಿ ಕಲಿತ ಪ್ಯಾಸ್ಕಲ್ ನಿಯಮ. ಮುಚ್ಚಿದ ದ್ರವದ ಒಂದು ತುದಿಯಲ್ಲಿ ಕೊಟ್ಟ ಒತ್ತಡ ಎಲ್ಲ ಕಡೆಗೂ ಅಷ್ಟೇ ಬಲವಾಗಿ ತಲುಪುತ್ತದೆ. ಕಾಲಿನ ಒತ್ತಡ ಪೆಡಲಿಗೆ ಜೋಡಿಸಿದ ಮಾಸ್ಟರ್ ಸಿಲಿಂಡರಿನಿಂದ ಸಣ್ಣ ಪೈಪಿನಲ್ಲಿ ಹರಿದು ಗಾಲಿಯ ಪಿಸ್ಟನ್ನನ್ನು ತಳ್ಳುವುದು ಹೀಗೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಡುವೆ ಒಂದು ಗುಳ್ಳೆ ಇದ್ದರೂ ಕಾಲಿನ ಶಕ್ತಿ ಅದನ್ನು ಹಿಚುಕುವುದರಲ್ಲೇ ಹೋಗುತ್ತದೆ. ಈ ಬಗೆಯ ಬ್ರೇಕಿಗೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದರು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗಳಿಗೆ ಅದು ಬಂತು. ನೂರು ವರ್ಷ ದಾಟಿದರೂ ಮೂಲ ತತ್ವ ಬದಲಾಗಿಲ್ಲ. ಗಾಳಿ ಹಿಡಿಯುವ ಕಾಟವೂ ತಪ್ಪಿಲ್ಲ.

ಗಾಳಿ ತೆಗೆಯುವುದು ಇಬ್ಬರ ಕೆಲಸ. ಮಿಸ್ತ್ರಿ ಗಾಡಿಯಡಿ ಮಲಗಿರುತ್ತಾರೆ. ಕೆಲಸ ಕಲಿಯುವ ಹುಡುಗ ಸೀಟಿನ ಮೇಲೆ. ಗಾಲಿಯ ಹಿಂದಿನ ನಿಪ್ಪಲ್ಲಿಗೆ ಪಾರದರ್ಶಕ ನಳಿಕೆಯೊಂದನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿಸಿರುತ್ತಾರೆ. ನಿಪ್ಪಲ್ಲಿಗೆ ಪಾನಾ ಕೂಡಿಸಿದ ಮೇಲೆ ಮಾತು ಶುರು.

"ಹೊಡಿ ತಮ್ಮಾ."

"ಹೊಡದೇನ್ರಿ."

"ಹಿಡಿ. ಗಟ್ಟಿ ಹಿಡಿ."

"ಹಿಡದೇನ್ರಿ ಮಾಮಾ."

ಪಾನಾ ಕಾಲು ಸುತ್ತು ತಿರುಗುತ್ತದೆ. ನಳಿಕೆಯಲ್ಲಿ ಗುಳುಗುಳು ಎಂದು ಗುಳ್ಳೆಗಳು ಓಡುತ್ತವೆ. "ಒಳಗ ಹೋತ್ರಿ" ಎನ್ನುತ್ತಾನೆ ಹುಡುಗ. "ಬಿಡಬ್ಯಾಡ" ಎಂದು ನಿಪ್ಪಲ್ ಬಿಗಿಮಾಡಿದ ನಂತರವೇ "ಹಾಂ, ಈಗ ಬಿಡು" ಎಂಬ ಅಪ್ಪಣೆ. ಹುಡುಗ ಅವಸರಪಟ್ಟು ಮೊದಲೇ ಕಾಲೆತ್ತಿದರೆ ಹೊರಬಂದ ಗಾಳಿ ಮತ್ತೆ ಒಳಗೆ ಸೇರಿಕೊಳ್ಳುತ್ತದೆ, ಮಾಡಿದ್ದೆಲ್ಲ ಹಾಳು. ಬ್ರೇಕ್ ಆಯಿಲ್ ತುಂಬಿರುವ ಮೇಲಿನ ಡಬ್ಬಿ ಖಾಲಿಯಾಗಲೂ ಬಿಡಬಾರದು, ಆಗಾಗ ತುಂಬುತ್ತಿರಬೇಕು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುತ್ತಾರೆ. ಗುಳ್ಳೆ ನಿಂತು, ಚಹಾದ ಬಣ್ಣಕ್ಕೆ ತಿರುಗಿದ್ದ ಹಳೇ ಆಯಿಲ್ ಹೋಗಿ ತಿಳಿ ಹಳದಿಯ ಹೊಸದು ಕಾಣುವವರೆಗೂ ಈ ಹೊಡಿ, ಹಿಡಿ, ಬಿಡು ನಡೆಯುತ್ತದೆ. ಪೆಡಲಿನ ಮೇಲೆ ಕೂತ ಹುಡುಗನ ಕಾಲು ಕ್ರಮೇಣ ಕಲಿಯುತ್ತದೆ. ಎಷ್ಟು ಗಾಳಿ ಉಳಿದಿದೆ ಎಂದು ಪಾದಕ್ಕೇ ಗೊತ್ತಾಗತೊಡಗಿದಾಗ ಅವನ ಕೈಗೆ ಪಾನಾ ಬರುತ್ತದೆ.

ಕಬ್ಬಿನ ಟ್ರ್ಯಾಕ್ಟರುಗಳ ವಿಷಯ ಬೇರೆ. ಅವುಗಳಲ್ಲಿ ಬಹುತೇಕವುಗಳ ಬ್ರೇಕ್ ಪ್ಲೇಟುಗಳು ಗೇರ್ ಆಯಿಲಿನಲ್ಲೇ ಮುಳುಗಿರುತ್ತವೆ, ಪೆಡಲಿನಿಂದ ರಾಡು ಎಳೆಯುತ್ತದೆ. ಗಾಳಿ ತೆಗೆಯುವ ಪ್ರಶ್ನೆ ಅಲ್ಲಿಲ್ಲ. ಹಿಂದಿನ ಎರಡು ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇಲ್ಲದಿರುವುದು ಅಲ್ಲಿನ ದೊಡ್ಡ ಚಿಂತೆ, ಅದನ್ನು ಇನ್ನೊಮ್ಮೆ ಬರೆಯಬೇಕು.

ಟ್ರ್ಯಾಕ್ಟರಿನ ಈ ಎಣ್ಣೆ ಮತ್ತು ಪಿಕಪ್ಪಿನ ಬ್ರೇಕ್ ಆಯಿಲ್ ಒಂದೇ ಎಂದುಕೊಂಡು, ಮನೆಯಲ್ಲಿ ಉಳಿದ ಎಂಜಿನ್ ಆಯಿಲನ್ನೋ ಗೇರ್ ಆಯಿಲನ್ನೋ ಬ್ರೇಕಿನ ಡಬ್ಬಿಗೆ ಸುರಿಯುವವರಿದ್ದಾರೆ. ಇದರಷ್ಟು ಕೆಟ್ಟ ಉಳಿತಾಯ ಇನ್ನೊಂದಿಲ್ಲ. ಬ್ರೇಕ್ ಆಯಿಲ್ ಹೆಸರಿಗಷ್ಟೇ ಎಣ್ಣೆ, ಸಾಮಾನ್ಯವಾಗಿ ಬಳಸುವುದು ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ಹೊಂದುವ ರಬ್ಬರ್ ವಾಷರುಗಳಿಗೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಅವು ಉಬ್ಬಿ ಮೆತ್ತಗಾಗುತ್ತವೆ. ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಗಾಲಿಯವರೆಗೆ ಎಲ್ಲ ರಬ್ಬರನ್ನೂ ಬದಲಿಸಬೇಕಾಗುತ್ತದೆ. ಪೇಂಟಿನ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದರೆ ಬಣ್ಣ ಏಳುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು.

ನೀರಿನ ಮೇಲೆ ಆ ದ್ರವಕ್ಕಿರುವ ಆಸೆಯೇ ಎಲ್ಲಕ್ಕಿಂತ ದೊಡ್ಡ ಸಂಗತಿ. ರಬ್ಬರ್ ಪೈಪಿನ ಮೂಲಕ, ಡಬ್ಬಿಯ ಮುಚ್ಚಳದ ಸಂದಿಯಿಂದ ಅದು ಗಾಳಿಯ ತೇವವನ್ನು ದಿನವೂ ಅಷ್ಟಿಷ್ಟು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಕುದಿದರೆ ಆವಿ, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಪೆಡಲು ಸೀದಾ ನೆಲಕ್ಕೆ.

ನಮ್ಮದು ಬಯಲುಸೀಮೆ. ಚಿಮ್ಮಡದಿಂದ ಬನಹಟ್ಟಿಗೋ ಮುಧೋಳಕ್ಕೋ ಹೋಗಿ ಬರುವ ಗಾಡಿಯ ಬ್ರೇಕು ಅಷ್ಟು ಕಾಯುವುದೇ ಇಲ್ಲ. ನಾಲ್ಕೈದು ವರ್ಷದ ಹಳೇ ಆಯಿಲ್ ಇದ್ದರೂ ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಮಾಲೀಕರಿಗೆ ಅನುಮಾನವೇ ಬರುವುದಿಲ್ಲ. ಯುಗಾದಿಗೆ ಮೊದಲು ಈ ಭಾಗದ ಭಕ್ತರು ಮಲ್ಲಯ್ಯನ ದರ್ಶನಕ್ಕೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಅವರ ಹಿಂದೆ ರೊಟ್ಟಿ, ಹಿಟ್ಟು, ಹಾಸಿಗೆ ಹೇರಿಕೊಂಡು ಇದೇ ಪಿಕಪ್ಪುಗಳು ಹೋಗುತ್ತವೆ. ದೋರ್ನಾಲ ದಾಟಿದ ಮೇಲೆ ನಲ್ಲಮಲದ ಘಟ್ಟ. ಬರುವಾಗ ಗಾಡಿ ತುಂಬ ಜನ. ಇಳಿಜಾರಿನಲ್ಲಿ ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಬಂದರೆ ಬಯಲಿನಲ್ಲಿ ಮುಚ್ಚಿಕೊಂಡಿದ್ದ ದೋಷ ಅಲ್ಲಿ ಹೊರಬೀಳುತ್ತದೆ. ಅಂಬೋಲಿ, ಚೋರ್ಲಾ ಘಟ್ಟ ಇಳಿದು ಕೊಂಕಣಕ್ಕೆ, ಗೋವಾಕ್ಕೆ ಹೋಗುವವರಿಗೂ ಇದೇ ಮಾತು. ಆದ್ದರಿಂದ ಬ್ರೇಕ್ ಆಯಿಲನ್ನು ದೂರು ಬಂದಾಗ ಬದಲಿಸುವುದಲ್ಲ, ತಾರೀಖು ನೋಡಿ ಬದಲಿಸಬೇಕು. ಹೆಚ್ಚಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ. ಶ್ರೀಶೈಲಕ್ಕೆ ಹೊರಡುವ ಗಾಡಿಯಾದರೆ ಹೊರಡುವ ಮುಂಚೆ ಒಮ್ಮೆ ತೋರಿಸುವುದು ಕಡ್ಡಾಯ ಎಂದೇ ನಾನು ಹೇಳುತ್ತೇನೆ.

ಗುಡ್ಡಗಾಡಿಗೆಂದೇ ಮಾಡಿದ ನಾಲ್ಕು ಗಾಲಿಯ ಬೈಕು, ಎಟಿವಿ, ನಮ್ಮ ಹೊಲಗಳಿಗೆ ಇನ್ನೂ ಬಂದಿಲ್ಲವೆನ್ನಬೇಕು. ಕೊಡಗಿನ ಕಡೆ ಪ್ರವಾಸಿಗರು ಅದನ್ನು ಓಡಿಸುತ್ತಾರೆ. ಆದರೆ ಅದರ ಬ್ರೇಕ್ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಏಕೆಂದರೆ ಅದು ಡಿಸ್ಕ್ ಬ್ರೇಕಿನ ಬೈಕಿನದ್ದೇ ವ್ಯವಸ್ಥೆ. ಹ್ಯಾಂಡಲ್ ಮೇಲಿನ ಸಣ್ಣ ಡಬ್ಬಿ ಸಮತಟ್ಟಾಗುವವರೆಗೆ ಹ್ಯಾಂಡಲ್ ತಿರುಗಿಸಿ, ಮುಚ್ಚಳ ತೆಗೆಯುವ ಮುಂಚೆ ಸುತ್ತಲಿನ ಮಣ್ಣು ಒರೆಸಿ, ಸಿರಿಂಜಿನಿಂದ ಹಳೇ ಆಯಿಲ್ ಹೀರಿ, ಆಮೇಲೆ ಲಿವರಿನಿಂದ ಅದೇ ಹೊಡಿ, ಹಿಡಿ, ಬಿಡು. ಕೆಸರಿನಲ್ಲೇ ಓಡುವ ಗಾಡಿಯಾದ್ದರಿಂದ ನಿಪ್ಪಲ್ ಹಿಡಿದುಕೊಂಡಿರುತ್ತದೆ. ಮಳೆಗಾಲದಲ್ಲಿ ಎರಿ ಹೊಲದ ಹಾದಿಯಲ್ಲಿ ಓಡಾಡಿದ ಬೈಕಿನದ್ದೂ ಇದೇ ಗತಿ. ಜೋರು ಮಾಡಿದರೆ ನಿಪ್ಪಲ್ ಮುರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು. ಕೊನೆಯ ಸಣ್ಣ ಗುಳ್ಳೆಗಳು ಹಟ ಹಿಡಿದರೆ ಲಿವರನ್ನು ಹ್ಯಾಂಡಲಿಗೆ ಒತ್ತಿ ಕಟ್ಟಿ ರಾತ್ರಿಯಿಡೀ ಬಿಡುವ ಉಪಾಯವಿದೆ. ಬೆಳಿಗ್ಗೆ ಹೊತ್ತಿಗೆ ಗುಳ್ಳೆಗಳು ತಾವೇ ಮೇಲಕ್ಕೇರಿರುತ್ತವೆ.

ಇದೇ ಕೆಲಸವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಯಂತೆ ಎದುರಿಸುವ ಜಾಗವೂ ಒಂದಿದೆ. ತಾವೇ ಕಟ್ಟಿದ ಎಟಿವಿಗಳ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಶುರುವಾಯಿತು. ಕರ್ನಾಟಕದ ಕಾಲೇಜುಗಳ ತಂಡಗಳೂ ಹೋಗುತ್ತವೆ. ಪೆಡಲು ಒತ್ತಿದಾಗ ನಾಲ್ಕೂ ಗಾಲಿ ಲಾಕ್ ಆಗಬೇಕು, ಇಲ್ಲದಿದ್ದರೆ ನಾಲ್ಕು ತಾಸಿನ ಕೊನೆಯ ಓಟಕ್ಕೆ ಪ್ರವೇಶವಿಲ್ಲ. ವರ್ಷವಿಡೀ ದುಡಿದು ಕಟ್ಟಿದ ಗಾಡಿಯನ್ನು ಒಂದು ಗುಳ್ಳೆ ಹೊರಗೆ ನಿಲ್ಲಿಸಬಹುದು. ಅಂಥ ಮಕ್ಕಳು ಹಂಗಾಮಿನ ಒಂದು ವಾರ ನಮ್ಮ ಯಾವುದಾದರೂ ಗ್ಯಾರೇಜಿನಲ್ಲಿ ಪೆಡಲು ಹೊಡೆಯಲು ಕೂತರೆ ಪುಸ್ತಕ ಹೇಳದ್ದನ್ನು ಕಲಿತು ಹೋಗುತ್ತಾರೆ.

ಗಿರಾಕಿಗಳಿಗೆ ತಿಳಿದಿರಬೇಕಾದದ್ದು ಸ್ವಲ್ಪವೇ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದ್ದೇ ಆಯಿಲ್ ಹಾಕಿಸಿ. ಸೀಲು ಒಡೆಯದ ಡಬ್ಬಿಯನ್ನು ಕಣ್ಣೆದುರೇ ತೆಗೆಸಿ, ಕಳೆದ ವರ್ಷ ಒಡೆದು ಅರ್ಧ ಉಳಿದದ್ದು ಬೇಡ. ಹೊರಬಂದ ಆಯಿಲನ್ನು ಮತ್ತೆ ಸುರಿಯಲು ಬಿಡಬೇಡಿ, ಕಾಲುವೆಗೂ ಚೆಲ್ಲಿಸಬೇಡಿ. ಅರ್ಧ ತಾಸಿನ ಕೆಲಸಕ್ಕೆ ಇಷ್ಟು ಮಜೂರಿಯೇ ಎಂದು ಚೌಕಾಶಿಯನ್ನೂ ಮಾಡಬೇಡಿ. ಮನೆಮಂದಿಯ ಜೀವವಿರುವ ಕೆಲಸ ಅದು.

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ, ಗಾಲಿ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದರ ಪೆಟ್ಟಿಗೆಯೊಳಗೆ ಗಾಳಿ ಸಿಕ್ಕಿಬಿದ್ದರೆ ಎಷ್ಟೋ ಬೈಕುಗಳಲ್ಲಿ ಪಾನಾ, ನಳಿಕೆ ಸಾಲುವುದಿಲ್ಲ. ಕಂಪನಿಯ ಸ್ಕ್ಯಾನರ್ ಹಚ್ಚಿ ಒಳಗಿನ ವಾಲ್ವುಗಳನ್ನು ತೆರೆಯಬೇಕಾಗುತ್ತದೆ. "ಇದು ನಮ್ಮ ಕಡೆ ಆಗೂದಿಲ್ರಿ, ಶೋರೂಮಿಗೆ ಒಯ್ರಿ" ಎಂದು ಹೇಳಿ ಕಳಿಸುವ ಮಿಸ್ತ್ರಿ ಸಿಕ್ಕರೆ ನಿಮ್ಮ ಉಳಿದೆಲ್ಲ ಗಾಡಿಗಳನ್ನೂ ಅವರ ಹತ್ತಿರವೇ ಬಿಡಿ.