ಅರ್ಥ ಹೇಳುವ ಭಕ್ತಿ

ಭಕ್ತಿಕಾವ್ಯವನ್ನು ನಂಬಿ ಓದುವವನು ಪ್ರಶ್ನೆ ಕೇಳಲು ಅಂಜುತ್ತಾನೆ. ನಂಬದೆ ಓದುವವನು ಅದನ್ನು ಗತಕಾಲದ ದಾಖಲೆಯೆಂದು ಬಗೆದು ಉತ್ತರವನ್ನೇ ನಿರೀಕ್ಷಿಸುವುದಿಲ್ಲ. ಇಬ್ಬರಿಗೂ ಕಾವ್ಯದೊಡನೆ ಮಾತುಕತೆಯಿಲ್ಲ. ಆ ಮಾತುಕತೆಯ ದಾರಿಯನ್ನು ನಮ್ಮ ಕರಾವಳಿ ಬಹುಕಾಲದಿಂದ ಬಲ್ಲದೆಂಬುದು ನನ್ನ ಭಾವನೆ.

ಕುಂದಾಪುರದ ಸಮೀಪದ ಹೂವಿನಕೆರೆ ವಾದಿರಾಜರ ಜನ್ಮಸ್ಥಳ. ಹೆಸರಿನಲ್ಲಿಯೇ ವಾದವನ್ನು ಹೊತ್ತ ಆ ಯತಿಗಳು ಸಂಸ್ಕೃತದ ‘ಯುಕ್ತಿಮಲ್ಲಿಕಾ’ದಲ್ಲಿ ಪ್ರತಿಪಕ್ಷವನ್ನು ಯುಕ್ತಿಯಿಂದ ಎದುರಿಸಿದರು. ‘ಹಯವದನ’ ಅಂಕಿತದ ಕನ್ನಡ ಪದಗಳಲ್ಲಾದರೋ ದೇವರು ಸಾಧಿಸಿ ತೋರಿಸಬೇಕಾದ ಪ್ರಮೇಯವಲ್ಲ. ಎದುರಿಗೆ ನಿಲ್ಲಿಸಿಕೊಂಡು ಕರೆಯಬಹುದಾದ ‘ನೀನು’. ಮಾರ್ಟಿನ್ ಬೂಬರ್ 1923ರಲ್ಲಿ ಪ್ರಕಟಿಸಿದ ‘ನಾನು ಮತ್ತು ನೀನು’ ಎಂಬ ಜರ್ಮನ್ ಗ್ರಂಥದಲ್ಲಿ ‘ಅದು’ ಎಂದು ಅಳೆಯುವ ಸಂಬಂಧಕ್ಕೂ ‘ನೀನು’ ಎಂದು ಕರೆಯುವ ಸಂಬಂಧಕ್ಕೂ ಮಾಡಿದ ಭೇದ ಇದೇ ಅಲ್ಲವೆ?

ಆದರೆ ಕರೆದ ಮಾತ್ರಕ್ಕೆ ಅರಿತಂತಾಗದು. ಒಂದು ಕೃತಿಯನ್ನು ಅರಿಯಬೇಕಾದರೆ ಅದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಕಂಡುಕೊಳ್ಳಬೇಕು, ಅದು ನಮ್ಮನ್ನೂ ಪ್ರಶ್ನಿಸಲು ಎಡೆಗೊಡಬೇಕು ಎಂದು ಗಾಡಮರ್ 1960ರಲ್ಲಿ ‘ಸತ್ಯ ಮತ್ತು ವಿಧಾನ’ದಲ್ಲಿ ಬರೆದರು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಯಕ್ಷಗಾನದ ನಾಡಿನಲ್ಲಿ ಇದು ಹೊಸ ಮಾತಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ಆಶುವಾಗಿ ಮಾತು ಹೊಸೆಯುತ್ತಾರೆ. ಆ ಮಾತಿನ ಹೆಸರೇ ‘ಅರ್ಥ’. ಪದ್ಯದಲ್ಲಿ ಅರ್ಥ ಅಡಗಿ ಕುಳಿತಿರುವುದಿಲ್ಲ. ಇಬ್ಬರ ನಡುವೆ ಅದು ಹುಟ್ಟಬೇಕು.

ವಾಲಿವಧೆಯ ಪ್ರಸಂಗವನ್ನೇ ನೋಡಿ. ಬಾಣ ನಾಟಿ ಬಿದ್ದ ವಾಲಿ ಕೇಳುತ್ತಾನೆ: ನಿನಗೆ ನಾನು ಮಾಡಿದ ಕೇಡೇನು? ಬೇರೊಬ್ಬನೊಡನೆ ಹೋರುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮ? ತಮ್ಮನ ಮಡದಿಯನ್ನು ಅಪಹರಿಸಿದವನಿಗೆ ಇದು ದಂಡನೆಯೆಂದು ರಾಮ ಉತ್ತರಿಸುತ್ತಾನೆ. ಕೊನೆಗೆ ವಾಲಿ ಶರಣಾಗುವನೆಂಬುದು ಸಭೆಗೆ ಮೊದಲೇ ಗೊತ್ತು. ಪದ್ಯವನ್ನು ಮೀರಿ ಕಥೆಯನ್ನು ಬದಲಿಸುವ ಸ್ವಾತಂತ್ರ್ಯವೂ ಅರ್ಥಧಾರಿಗಿಲ್ಲ. ಆದರೂ ಸಭೆ ಉಸಿರು ಬಿಗಿಹಿಡಿದು ಕೇಳುವುದೇಕೆ? ವಾಲಿಯ ಪ್ರಶ್ನೆ ಪೊಳ್ಳಾದರೆ ಅವನ ಶರಣಾಗತಿಯೂ ಪೊಳ್ಳು. ರಾಮನ ಪಾತ್ರಧಾರಿ ‘ನಾನು ದೇವರು’ ಎಂಬುದರ ಹಿಂದೆ ಅವಿತರೆ, ಮರದ ಮರೆಗೆ ಮತ್ತೊಂದು ಮರೆ ಕೂಡಿಕೊಂಡಿತೆಂದೇ ಅರ್ಥ. ಇಂದು ವಾಲಿಯಾದವನು ನಾಳೆ ರಾಮನೂ ಆಗಬೇಕಾದೀತು. ಆದುದರಿಂದ ಎದುರಾಳಿಯ ಮಾತಿನ ಸತ್ಯವನ್ನೂ ಅವನು ಬಲ್ಲವನಾಗಿರಬೇಕು. ಪ್ರಶ್ನೆಯಿಂದ ಭಕ್ತಿ ಕುಂದುವುದಿಲ್ಲ, ತೂಕ ಪಡೆಯುತ್ತದೆ.

ಬೈಂದೂರಿನ ಕಡೆಯ ಮೊಗೇರಿಯಲ್ಲಿ 1918ರಲ್ಲಿ ಜನಿಸಿದ ಗೋಪಾಲಕೃಷ್ಣ ಅಡಿಗರು ನವ್ಯರ ಮುಂದಾಳು. ಅವರ ‘ಶ್ರೀರಾಮನವಮಿಯ ದಿವಸ’ ಕವನವೂ ರಾಮನನ್ನು ಪೂಜಿಸಿ ಸುಮ್ಮನಾಗುವುದಿಲ್ಲ, ಅಲ್ಲಗಳೆದು ಎದ್ದುಹೋಗುವುದೂ ಇಲ್ಲ. ವಾಲ್ಮೀಕಿಯ ತಪಸ್ಸಿಲ್ಲದವರಿಗೆ ಅಂತಹ ಪುರುಷೋತ್ತಮನ ರೂಪ ಒಲಿದೀತೆ ಎಂಬ ಪ್ರಶ್ನೆಯನ್ನು ಅದು ನಮಗೇ ಒಡ್ಡುತ್ತದೆ.

ತರಗತಿಗಳಲ್ಲಿ ದಾಸರ ಪದಗಳಿಗೆ ಅಂಕಿತ, ಕಾಲ, ಮತಗಳನ್ನು ಹೇಳಿ ಮುಗಿಸುವ ರೂಢಿಯುಂಟು. ಅವು ಬೇಕು, ಅವಿಷ್ಟೇ ಸಾಲವು. ಅಧ್ಯಾಪಕರು ಒಂದು ಪದವನ್ನು ಹಾಡಿಸಿ, ಒಬ್ಬ ವಿದ್ಯಾರ್ಥಿಗೆ ಭಕ್ತನ ಅರ್ಥವನ್ನೂ ಮತ್ತೊಬ್ಬನಿಗೆ ಭಗವಂತನ ಅರ್ಥವನ್ನೂ ವಹಿಸಿಕೊಡಲಿ. ನಂಬುವವನೂ ನಂಬದವನೂ ಒಂದೇ ಪದ್ಯದ ಮುಂದೆ ಕುಳಿತು ಒಬ್ಬರ ಮಾತನ್ನೊಬ್ಬರು ಕೇಳುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ನನಗೆ ಕಾಣದು.