ನೆಲಮಾಳಿಗೆಯ ಲೆಕ್ಕದ ಪುಸ್ತಕ

ಇಂಗ್ಲಿಷ್ ಸಾಹಿತ್ಯವನ್ನು ಪರೀಕ್ಷೆಗಾಗಿ ಓದಿದ ಹಿಂದಿನ ತಲೆಮಾರಿನವರಿಗೆ ಜಾರ್ಜ್ ಸೇಂಟ್ಸ್‌ಬರಿಯ ಹೆಸರು ಹೊಸದಲ್ಲ. 1898ರಲ್ಲಿ ಪ್ರಕಟವಾದ ಆತನ ಇಂಗ್ಲಿಷ್ ಸಾಹಿತ್ಯದ ಸಂಕ್ಷಿಪ್ತ ಚರಿತ್ರೆ, ಹೆಸರಿಗೆ ಸಂಕ್ಷಿಪ್ತವಾದರೂ, ಎತ್ತಿದರೆ ಕೈ ನೋಯಿಸುವಷ್ಟು ದಪ್ಪದ ಪುಸ್ತಕ. ಅದಲ್ಲದೆ ಯೂರೋಪಿನ ವಿಮರ್ಶೆಯ ಇತಿಹಾಸವನ್ನು ಮೂರು ಸಂಪುಟಗಳಲ್ಲಿಯೂ ಇಂಗ್ಲಿಷ್ ಛಂದಸ್ಸಿನ ಇತಿಹಾಸವನ್ನು ಇನ್ನು ಮೂರು ಸಂಪುಟಗಳಲ್ಲಿಯೂ ಫ್ರೆಂಚ್ ಕಾದಂಬರಿಯ ಇತಿಹಾಸವನ್ನು ಮತ್ತೆರಡು ಸಂಪುಟಗಳಲ್ಲಿಯೂ ಆತ ಬರೆದ. ಜೇನ್ ಆಸ್ಟೆನಳ ಭಕ್ತರನ್ನು ‘ಜೇನೈಟ್’ ಎಂದು 1894ರ ಒಂದು ಮುನ್ನುಡಿಯಲ್ಲಿ ಕರೆದು, ಆ ಮಾತನ್ನು ಬಳಕೆಗೆ ತಂದವನೂ ಆತನೇ. ಇಷ್ಟೆಲ್ಲ ಬರೆದವನ ಹೊತ್ತಗೆಗಳಲ್ಲಿ ಇಂದಿಗೂ ಜನ ಪ್ರೀತಿಯಿಂದ ಹುಡುಕಿಕೊಂಡು ಓದುವುದು ಒಂದನ್ನೇ ಎನ್ನಬಹುದು. ಅದು ಸಾಹಿತ್ಯವನ್ನು ಕುರಿತದ್ದಲ್ಲ. ಎಪ್ಪತ್ತೈದರ ಹೊಸ್ತಿಲಲ್ಲಿ ನಿಂತು 1920ರಲ್ಲಿ ಆತ ಹೊರತಂದ ‘ನೋಟ್ಸ್ ಆನ್ ಎ ಸೆಲ್ಲರ್-ಬುಕ್’ ಎಂಬ ಸಣ್ಣ ಪುಸ್ತಕ ಅದು. ತಾನು ಬದುಕಿನಲ್ಲಿ ಕುಡಿದ ದ್ರಾಕ್ಷಾರಸಗಳನ್ನು ಕುರಿತು ಒಬ್ಬ ಮೇಷ್ಟರು ಬರೆದ ಪುಸ್ತಕ.

‘ಸೆಲ್ಲರ್-ಬುಕ್’ ಎಂದರೆ ನೆಲಮಾಳಿಗೆಯ ಲೆಕ್ಕದ ಪುಸ್ತಕ. ವೈನನ್ನು ಸೀಸೆಗಳಲ್ಲಿ ತುಂಬಿಸಿ, ಬಿಸಿಲು ಗಾಳಿ ಸೋಕದ ತಣ್ಣನೆಯ ಮಾಳಿಗೆಯಲ್ಲಿ ಮಲಗಿಸಿಟ್ಟು, ವರ್ಷಗಳ ಮೇಲೆ ಒಂದೊಂದಾಗಿ ತೆಗೆಯುವ ಮನೆಗಳಲ್ಲಿ ಅಂಥದೊಂದು ಪುಸ್ತಕ ಇರುತ್ತಿತ್ತು. ಇಂಥ ವರ್ಷದ ಇಂಥ ವೈನು ಇಷ್ಟು ಡಜನ್ ಬಂತು, ಇಂತಿಷ್ಟು ಬೆಲೆ ಕೊಟ್ಟದ್ದು, ಇಂಥ ದಿನ ಒಂದು ಸೀಸೆ ತೆಗೆದದ್ದು—ಹೀಗೆ. ನಮ್ಮ ಮನೆಗಳಲ್ಲಿ ಹಿರಿಯರು ಬರೆದಿಡುತ್ತಿದ್ದ ಕಣಜದ ಲೆಕ್ಕಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಸೇಂಟ್ಸ್‌ಬರಿ ವೈನಿನ ದೊಡ್ಡ ಇತಿಹಾಸವೊಂದನ್ನೇ ಬರೆಯಬೇಕೆಂದುಕೊಂಡಿದ್ದ. ಅದು ಆಗಲಿಲ್ಲ. ಆಗದೆ ಹೋದದ್ದು ಒಳ್ಳೆಯದೇ ಆಯಿತೆಂದು ನನಗೆ ಅನ್ನಿಸುತ್ತದೆ. ಇತಿಹಾಸದ ಬದಲು ಆತ ಹಳೆಯ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು, ಪುಟ ತಿರುವುತ್ತ, ನೆನಪು ಬಂದಂತೆ ಬರೆದ.

ಆತ ವೈನ್ ವ್ಯಾಪಾರಿಯಲ್ಲ, ದೊಡ್ಡ ಜಮೀನಿನ ಒಡೆಯನೂ ಅಲ್ಲ. ಆಕ್ಸ್‌ಫರ್ಡಿನಲ್ಲಿ ಓದಿದರೂ ಅಲ್ಲಿ ಫೆಲೋ ಆಗುವ ಭಾಗ್ಯ ದೊರೆಯಲಿಲ್ಲ. ಕೆಲವು ವರ್ಷ ಗರ್ನ್ಸಿ ದ್ವೀಪದ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಸುಮಾರು ಇಪ್ಪತ್ತು ವರ್ಷ ಲಂಡನ್ನಿನ ಪತ್ರಿಕೆಗಳಿಗೆ ಬರೆದು ಸಂಸಾರ ಸಾಗಿಸಿದ. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದದ್ದು 1895ರಲ್ಲಿ, ಐವತ್ತರ ಹತ್ತಿರ, 1915ರವರೆಗೆ ಅಲ್ಲಿದ್ದ. ಲೇಖನದ ಸಂಭಾವನೆಯಿಂದ, ಆಮೇಲೆ ಸಂಬಳದಿಂದ ಉಳಿಸಿ ಕೊಂಡ ಸೀಸೆಗಳವು. ಪುಸ್ತಕಕ್ಕೆ ಬಂದ ನಂಬಿಕೆಯ ಅರ್ಧ ಭಾಗ ಇಲ್ಲಿಂದಲೇ ಬಂದಿದೆ. ತನ್ನ ಕಾಸು ಕೊಟ್ಟು ಕೊಂಡವನಿಗೆ, ಕೊಂಡದ್ದು ಸಪ್ಪೆಯಾಗಿತ್ತೆಂದು ಹೇಳಲು ಯಾರ ದಾಕ್ಷಿಣ್ಯವೂ ಇಲ್ಲ. ಹೆಸರಾಂತ ವೈನುಗಳ ವಿಷಯದಲ್ಲಿಯೂ ಆತ ಮುಲಾಜಿಟ್ಟುಕೊಂಡು ಮಾತಾಡುವುದಿಲ್ಲ.

ಉಳಿದರ್ಧ ಎಲ್ಲಿಂದ ಬಂತೆಂಬುದನ್ನು ತಿಳಿಯಲು ವೈನಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆಯಿಂದಲೂ ಬೀಜದಿಂದಲೂ ಇಳಿದ ಟ್ಯಾನಿನ್ ಎಂಬ ವಸ್ತುವಿರುತ್ತದೆ. ಅದರ ಗುಣವನ್ನು ಇಂಗ್ಲಿಷಿನವರು ಸುತ್ತಿ ಬಳಸಿ ಹೇಳುತ್ತಾರೆ. ನಮಗೆ ಒಂದು ಮಾತು ಸಾಕು: ಒಗರು. ಎಳೆಯ ಅಡಕೆಯನ್ನೋ ಹಣ್ಣಾಗದ ನೇರಳೆಯನ್ನೋ ಕಚ್ಚಿದ ನಾಲಗೆಗೆ ಅದು ಗೊತ್ತು. ಹೊಸ ವೈನಿನಲ್ಲಿ ಈ ಒಗರು ಒರಟಾಗಿ ಹಿಡಿಯುತ್ತದೆ. ಸೀಸೆಯೊಳಗೆ ವರ್ಷಗಳು ಉರುಳಿದಂತೆ ಟ್ಯಾನಿನ್ನೂ ಬಣ್ಣದ ವಸ್ತುಗಳೂ ಒಂದಕ್ಕೊಂದು ಕೂಡಿಕೊಂಡು, ಭಾರವಾಗಿ, ಗಸಿಯಾಗಿ ತಳಕ್ಕಿಳಿಯುತ್ತವೆ. ನೇರಳೆಯ ಛಾಯೆಯ ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಒಗರು ಮೆತ್ತಗಾಗಿ, ಮೊದಲು ಇಲ್ಲದ ಪರಿಮಳಗಳು ಹುಟ್ಟುತ್ತವೆ. ಆದರೆ ಎಲ್ಲ ವೈನೂ ಹೀಗೆ ಹಣ್ಣಾಗುವುದಿಲ್ಲ. ಹಲವು ಬೇಗನೆ ಕುಡಿಯುವುದಕ್ಕಾಗಿಯೇ ಆದವು. ಕೆಲವು ಹದಕ್ಕೆ ಬಂದು, ಕೆಲವು ಕಾಲ ನಿಂತು, ಇಳಿದುಬಿಡುತ್ತವೆ. ಯಾವುದರ ಏರು ಎಂದು, ಇಳಿತ ಎಂದು ಎಂಬುದು ಬೂಚು ತೆಗೆಯದೆ ತಿಳಿಯದು. ತೆಗೆದರೆ ಆ ಸೀಸೆ ಮುಗಿಯಿತು.

ಆದುದರಿಂದಲೇ ಡಜನ್ ಲೆಕ್ಕದಲ್ಲಿ ಕೊಳ್ಳುವುದು. ಹತ್ತು ವರ್ಷಗಳಲ್ಲಿ ಹನ್ನೆರಡು ಸಲ ಒಂದೇ ವೈನನ್ನು ಸಂಧಿಸಿದವನಿಗೆ ಅದರ ಬಾಲ್ಯ, ಯೌವನ, ಮುಪ್ಪು ಎಲ್ಲವೂ ಗೊತ್ತು. ಅಷ್ಟೇ ಅಲ್ಲ, ತನ್ನ ನಾಲಗೆ ಆ ಹತ್ತು ವರ್ಷಗಳಲ್ಲಿ ಬದಲಾದದ್ದೂ ಗೊತ್ತು. ವ್ಯಾಪಾರಿಯ ಕೋಣೆಯಲ್ಲಿ ಒಂದು ಬೆಳಗಿಗೆ ಐವತ್ತು ಲೋಟಗಳನ್ನು ಮೂಸಿ, ಬಾಯಲ್ಲಿ ಮುಕ್ಕಳಿಸಿ ಉಗುಳಿ ತೀರ್ಪು ಬರೆಯುವ ಪರಿಣತನಿಗೆ ಬೇರೆ ಬಗೆಯ ಜ್ಞಾನವಿರುತ್ತದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಎರಡರ ನಡುವಣ ಅಂತರವನ್ನು ನಮ್ಮ ಓದುಗರು ಬಲ್ಲರು. ವಿಮರ್ಶೆಗೆಂದು ಬಂದ ಕಾದಂಬರಿಯನ್ನು ಒಂದು ರಾತ್ರಿಯಲ್ಲಿ ಓದಿ ಮುಗಿಸಿದವನ ಮಾತು ಒಂದು. ಅದೇ ಕಾದಂಬರಿಯನ್ನು ಇಪ್ಪತ್ತರಲ್ಲಿ, ಮೂವತ್ತೈದರಲ್ಲಿ, ಐವತ್ತರಲ್ಲಿ ಓದಿದವನ ಮಾತು ಇನ್ನೊಂದು. ಸೇಂಟ್ಸ್‌ಬರಿ ವೈನನ್ನು ಕುರಿತು ಆಡುವುದು ಎರಡನೆಯ ಮಾತು. ಹವ್ಯಾಸಿಯ ಶಿಫಾರಸಿಗೆ ಏನಾದರೂ ಬೆಲೆಯಿದ್ದರೆ ಅದು ಈ ಮರು ಓದಿನಿಂದ ಬಂದದ್ದು, ನಾಲಗೆಯ ಸೂಕ್ಷ್ಮತೆಯಿಂದಲ್ಲ.

ಆತ ಅತ್ಯಂತ ಪ್ರೀತಿಯಿಂದ ನೆನೆಯುವ ಒಂದು ವೈನ್ 1846ರ ಕೆಂಪು ಹರ್ಮಿಟಾಜ್. ಫ್ರಾನ್ಸಿನ ರೋನ್ ನದಿಯ ದಂಡೆಯಲ್ಲಿ ಒಂದು ಕಡಿದಾದ ಗುಡ್ಡವಿದೆ. ಆ ಗುಡ್ಡದ ಸಿರಾ ಎಂಬ ದ್ರಾಕ್ಷಿಯಿಂದ ಅದಾಗುತ್ತದೆ. (ಈ ಸಿರಾ ದ್ರಾಕ್ಷಿಯೇ ಶಿರಾಜ್ ಎಂಬ ಹೆಸರಿನಲ್ಲಿ ನಮ್ಮ ನಂದಿಬೆಟ್ಟದ ತಪ್ಪಲಿನ ತೋಟಗಳಲ್ಲಿಯೂ ಬೆಳೆಯುತ್ತಿದೆ.) ಸೇಂಟ್ಸ್‌ಬರಿ ಆ ವೈನನ್ನು ಕುಡಿದಾಗ ಅದಕ್ಕೆ ನಲವತ್ತು ವರ್ಷ. ಅಷ್ಟು ವಯಸ್ಸಿಗೆ ಬಹುಪಾಲು ಕೆಂಪು ವೈನುಗಳು ಸೋತುಹೋಗಿರುತ್ತವೆ ಎಂದು ಆತನಿಗೆ ಗೊತ್ತು, ಇದು ಸೋತಿರಲಿಲ್ಲ. ಅದರ ಗುಣವನ್ನು ಹೇಳಲು ಆತ ಹಣ್ಣು ಹೂಗಳ ಹೆಸರಿನ ಉದ್ದನೆಯ ಪಟ್ಟಿ ಮಾಡುವುದಿಲ್ಲ. ತಾನು ಕುಡಿದ ಫ್ರೆಂಚ್ ವೈನುಗಳಲ್ಲೆಲ್ಲ ಹೆಚ್ಚಿನ ಪೌರುಷವಿದ್ದದ್ದು ಅದಕ್ಕೇ ಎನ್ನುತ್ತಾನೆ. ಇದು ಗುಣವರ್ಣನೆಯೋ ಸ್ನೇಹಿತನ ಪರಿಚಯವೋ ಎಂದು ಓದುಗನಿಗೆ ಸಂದೇಹ ಬರುವುದು ಸಹಜ.

ಆತ ಹೀಗೆ ನುಣುಚಿಕೊಂಡದ್ದು ಜಾಣತನವೇ ಎಂದು ಆಮೇಲಿನ ಚರಿತ್ರೆಯನ್ನು ನೋಡಿದರೆ ಅನ್ನಿಸುತ್ತದೆ. 1978ರಲ್ಲಿ ಅಮೆರಿಕದ ರಾಬರ್ಟ್ ಪಾರ್ಕರ್ ಎಂಬ ವಕೀಲ, ಆತನೂ ಮೊದಲಿಗೆ ಹವ್ಯಾಸಿಯೇ, ತನ್ನದೇ ಒಂದು ಪತ್ರಿಕೆ ಹೊರಡಿಸಿ, ಜಾಹೀರಾತಿನ ಹಂಗಿಲ್ಲದೆ ವೈನುಗಳಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಡತೊಡಗಿದ. ಉದ್ದೇಶ ಒಳ್ಳೆಯದೇ. ಆದರೆ ಕೆಲವೇ ವರ್ಷಗಳಲ್ಲಿ ಆ ಅಂಕಗಳೇ ಅಂಗಡಿಯ ಕಪಾಟುಗಳನ್ನೇರಿದವು. ಒಬ್ಬನ ನಾಲಗೆ ಮೆಚ್ಚಿದ್ದಕ್ಕೆ ಬೆಲೆ ಏರಿತು. 1984ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಆನ್ ನೋಬಲ್ ಎಂಬ ವಿದುಷಿ ವೈನಿನ ಪರಿಮಳಗಳ ಚಕ್ರವೊಂದನ್ನು ರಚಿಸಿ, ‘ಚೆನ್ನಾಗಿದೆ’, ‘ಸೊಗಸಾಗಿದೆ’ ಎಂಬ ಪೊಳ್ಳು ಮಾತುಗಳ ಬದಲು ನಿಂಬೆ, ಮೆಣಸು, ಹೊಗೆ ಎಂದು ನಿಖರವಾಗಿ ಹೇಳುವ ದಾರಿ ತೋರಿಸಿದಳು. ಅದೂ ಬೇಕಾಗಿದ್ದ ಕೆಲಸವೇ. ಆದರೆ 2001ರಲ್ಲಿ ಬೋರ್ಡೋದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗದ ವರದಿ ಈ ನಿಖರತೆಯ ಕಾಲನ್ನೇ ಎಳೆಯಿತು. ವೈನ್ ಶಾಸ್ತ್ರವನ್ನೇ ಓದುತ್ತಿದ್ದ 54 ಮಂದಿ ವಿದ್ಯಾರ್ಥಿಗಳಿಗೆ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರೆ, ಅವರು ಅದನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ಬಣ್ಣಿಸಿದರು. ಕಣ್ಣು ಕಂಡದ್ದನ್ನು ಮೂಗು ಒಪ್ಪಿಕೊಂಡಿತ್ತು.

ಹಾಗೆಂದು ರುಚಿಯ ಮಾತೆಲ್ಲ ಬರಿಯ ಭ್ರಮೆ ಎನ್ನುವವರ ಪಕ್ಷಕ್ಕೆ ನಾನು ಸೇರಲಾರೆ. ಬೇಸಗೆಯಲ್ಲಿ ನಮ್ಮ ಕಡೆ ಮಾವಿನ ಹಣ್ಣಿನ ಮಾತು ಬಂದಾಗ ನಡೆಯುವ ವಾದವನ್ನು ನೆನೆದುಕೊಳ್ಳಿ. ರಸಪುರಿಯೇ ಹಣ್ಣೆನ್ನುವವರು, ಬಾದಾಮಿಯ ಮುಂದೆ ಬೇರೆ ಹಣ್ಣಿಲ್ಲವೆನ್ನುವವರು, ಇವೆರಡನ್ನೂ ಬದಿಗೆ ತಳ್ಳಿ ತಮ್ಮ ಊರಿನ ಹೆಸರಿಲ್ಲದ ಯಾವುದೋ ಮರವನ್ನು ಹೊಗಳುವವರು! ಯಾರೂ ಅಂಕ ಕೊಡುವುದಿಲ್ಲ. ಯಾರೂ ಸೋಲುವುದೂ ಇಲ್ಲ. ಆದರೂ ಯಾರ ಮಾತು ನಂಬಿ ಹಣ್ಣು ಕೊಳ್ಳಬಹುದೆಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಕಳೆದ ವರ್ಷ ಆತ ಏನು ಹೇಳಿದ್ದ, ತಂದ ಹಣ್ಣು ಹೇಗಿತ್ತು ಎಂಬುದರ ನೆನಪೇ ಪ್ರಮಾಣ.

ಇಂಥ ಪಾನರಸಿಕನ ಬರಹ ಕನ್ನಡದಲ್ಲಿ ಬೆಳೆಯಲಿಲ್ಲವೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಪ್ರೌಢಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಪಾನಗೋಷ್ಠಿಯೂ ಒಂದಲ್ಲವೆ? ಪಂಪನಲ್ಲಿಯೂ ಅದುಂಟು. ಆದರೆ ಅಲ್ಲಿ ಕವಿಯ ಕಣ್ಣು ಹೆಚ್ಚಾಗಿ ಕುಡಿದವರ ಮೇಲೆ. ಅವರ ತೊದಲು, ಮುನಿಸು, ನಗೆ ಇವುಗಳ ಮೇಲೆ. ಕುಡಿದದ್ದು ಯಾವ ಸುಗ್ಗಿಯದು, ಎಷ್ಟು ಕಾಲದ್ದು ಎಂಬುದು ಅವನಿಗೆ ಬೇಕಿಲ್ಲ. ಸೇಂಟ್ಸ್‌ಬರಿಯಲ್ಲಿ ಇದಕ್ಕೆ ನೇರ ವಿರುದ್ಧ: ಆತನ ಪುಸ್ತಕದಲ್ಲಿ ಔತಣಗಳ ಭಕ್ಷ್ಯಪಟ್ಟಿಗಳೇ ಇವೆ, ಯಾವ ಭಕ್ಷ್ಯದೊಡನೆ ಯಾವ ವೈನೆಂದು, ತಲೆ ತಿರುಗಿದವರು ಮಾತ್ರ ಒಬ್ಬರೂ ಮುಂದೆ ಬಂದು ನಿಲ್ಲುವುದಿಲ್ಲ.

ಇಲ್ಲಿಯೇ ನನ್ನ ತಕರಾರೂ ಇದೆ. ಪುಸ್ತಕ ಪ್ರಕಟವಾದ 1920ರ ಜನವರಿಯಲ್ಲಿಯೇ ಅಮೆರಿಕದಲ್ಲಿ ಪಾನನಿರೋಧ ಜಾರಿಗೆ ಬಂದಿತ್ತು. ಇಂಗ್ಲೆಂಡಿನಲ್ಲಿಯೂ ಅದು ಬರಬಹುದೆಂಬ ಭಯವಿತ್ತು. ಸೇಂಟ್ಸ್‌ಬರಿ ಪಾನನಿರೋಧವಾದಿಗಳ ಮೇಲೆ ಹಾಯುವ ರಭಸ ಓದಲು ಸೊಗಸು. ಆದರೆ ವಾರದ ಕೂಲಿಯನ್ನು ಪಡಖಾನೆಯಲ್ಲಿ ಸುರಿದು ಬರುವ ಗಂಡನಿಗಾಗಿ ಬಾಗಿಲಲ್ಲಿ ಕಾದು ಕುಳಿತ ಹೆಂಗಸಿನ ಮಾತಿಗೆ ಆ ರಭಸದಲ್ಲಿ ಎಡೆಯಿಲ್ಲ. ಮಿತವಾಗಿ ಕುಡಿದ ಒಬ್ಬ ವಿದ್ವಾಂಸನ ಹಿತವಾದ ಅನುಭವ ಎಲ್ಲರ ಅನುಭವವಲ್ಲ. ಗಾಂಧೀಜಿಯ ಮಾತನ್ನು ಕೇಳಿ ಬೆಳೆದ ನಾಡಿನ ಓದುಗ ಈ ಕೊರತೆಯನ್ನು ಕಾಣದೆ ಇರಲಾರ. ಕಂಡೂ ಪುಸ್ತಕವನ್ನು ಮೆಚ್ಚಬಹುದೆಂದು ನನ್ನ ಎಣಿಕೆ.

ಪುಸ್ತಕದಲ್ಲಿ ಇನ್ನೊಂದು ವಿಷಾದದ ಎಳೆಯಿದೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವಾದಷ್ಟು ಸಣ್ಣ ಹುಳು ಫ್ರಾನ್ಸಿನ ದ್ರಾಕ್ಷಿಯ ಬೇರುಗಳನ್ನು ತಿನ್ನತೊಡಗಿತು. 1868ರಲ್ಲಿ ಮೋಂಪೆಲ್ಯೆಯ ಸಸ್ಯಶಾಸ್ತ್ರಜ್ಞ ಪ್ಲಾನ್ಷೋನ್ ಮತ್ತು ಆತನ ಸಂಗಡಿಗರು ಕಾರಣವನ್ನು ಕಂಡುಹಿಡಿಯುವ ಹೊತ್ತಿಗೆ ತೋಟ ತೋಟಗಳೇ ಒಣಗುತ್ತಿದ್ದವು. ಕೊನೆಗೆ ದೊರೆತ ಉಪಾಯವೂ ಅಮೆರಿಕದ್ದೇ: ಆ ಹುಳುವನ್ನು ತಾಳಿಕೊಳ್ಳುವ ಅಲ್ಲಿನ ಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವುದು. ಸೇಂಟ್ಸ್‌ಬರಿ ಹೊಗಳುವ ಹಳೆಯ ಕ್ಲಾರೆಟ್‌ಗಳು (ಬೋರ್ಡೋದ ಕೆಂಪು ವೈನಿಗೆ ಇಂಗ್ಲಿಷರ ಹೆಸರು), ಆ ಹರ್ಮಿಟಾಜ್, ಎಲ್ಲವೂ ಸ್ವಂತ ಬೇರಿನ ಮೇಲೆ ನಿಂತ ಬಳ್ಳಿಗಳ ಕೊನೆಯ ಫಲಗಳು. 1920ರ ಓದುಗನಿಗೇ ಅವು ದೊರೆಯುವಂತಿರಲಿಲ್ಲ, ಇಂದಿನವನಿಗಂತೂ ಇಲ್ಲ. ಶಿಫಾರಸು ಮಾಡಿದ್ದನ್ನು ಯಾರೂ ಕೊಳ್ಳಲಾಗದ ಶಿಫಾರಸಿನ ಪುಸ್ತಕ ಇದು. ಆದುದರಿಂದಲೇ ಇರಬಹುದು, ವೈನನ್ನು ಮುಟ್ಟದವನೂ ಇದನ್ನು ಓದಬಲ್ಲ: ಕೊಳ್ಳುವವನಿಗೂ ಓದುವವನಿಗೂ ಇಲ್ಲಿ ದಕ್ಕುವುದು ಒಂದೇ.

1931ರಲ್ಲಿ ಲಂಡನ್ನಿನಲ್ಲಿ ನೆಲಸಿದ್ದ ಆಂದ್ರೆ ಸಿಮೋನ್ ಎಂಬ ಫ್ರೆಂಚನೂ ಆತನ ಕೆಲವು ಗೆಳೆಯರೂ ಸೇಂಟ್ಸ್‌ಬರಿಯ ಹೆಸರಿನಲ್ಲಿ ಒಂದು ಭೋಜನಕೂಟವನ್ನು ಕಟ್ಟಿದರು. ಬರಹಗಾರರೂ ವೈನ್ ಬಲ್ಲವರೂ ಅದರ ಸದಸ್ಯರು. ವರ್ಷಕ್ಕೆರಡು ಔತಣ, ಅವುಗಳಲ್ಲೊಂದು ಅಕ್ಟೋಬರ್ 23ರಂದು, ಸೇಂಟ್ಸ್‌ಬರಿಯ ಹುಟ್ಟುಹಬ್ಬದಂದು. ಆಗ ಎಂಬತ್ತಾರರ ಮುದುಕನಾಗಿದ್ದ ಆತ ಬಾತ್ ಪಟ್ಟಣದ ತನ್ನ ಮನೆಯಲ್ಲಿಯೇ ಉಳಿದ. 1933ರ ಜನವರಿಯಲ್ಲಿ ತೀರಿಕೊಂಡ. ಆತ ಅಷ್ಟು ಬೈದ ಅಮೆರಿಕದ ಪಾನನಿರೋಧ ರದ್ದಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆ ದೇಶದ ಕ್ಯಾಲಿಫೋರ್ನಿಯದಲ್ಲಿಯೇ 1981ರಲ್ಲಿ ಇಬ್ಬರು ಯುವಕರು ವೈನ್ ತಯಾರಿಕೆಯ ಮನೆಯೊಂದನ್ನು ತೆರೆದು ಅದಕ್ಕೆ ಸೇಂಟ್ಸ್‌ಬರಿಯ ಹೆಸರಿಟ್ಟರು.

ಪುಸ್ತಕವನ್ನು ಓದಬೇಕೆನ್ನುವವರಿಗೆ ಒಂದು ಮಾತು. ಅದು ಸುಲಭದ ಓದಲ್ಲ. ಲ್ಯಾಟಿನ್, ಫ್ರೆಂಚ್, ಮರೆತುಹೋದ ಕಾದಂಬರಿಗಳ ಪಾತ್ರಗಳು, ಮುಚ್ಚಿಹೋದ ಅಂಗಡಿಗಳು—ಎಲ್ಲವೂ ಓದುಗನಿಗೆ ಗೊತ್ತೆಂದೇ ಭಾವಿಸಿ ಮುದುಕ ಮಾತಾಡುತ್ತ ಹೋಗುತ್ತಾನೆ; ವಾಕ್ಯದೊಳಗೆ ವಾಕ್ಯ, ಅದರೊಳಗೆ ಇನ್ನೊಂದು. ಥಾಮಸ್ ಪಿನ್ನಿ ಎಂಬ ವಿದ್ವಾಂಸ 2008ರಲ್ಲಿ ಟಿಪ್ಪಣಿಗಳೊಡನೆ ಸಂಪಾದಿಸಿದ ಆವೃತ್ತಿಯನ್ನು ಹಿಡಿಯುವುದು ಮೇಲು. ಕಿಪ್ಲಿಂಗನ ಪತ್ರಗಳನ್ನು ಸಂಪಾದಿಸಿದವನೂ, ಅಮೆರಿಕದ ವೈನಿನ ಇತಿಹಾಸ ಬರೆದವನೂ ಅವನೇ. ಮೊದಲ ಪುಟದಿಂದ ಆರಂಭಿಸಬೇಡಿ. ಕ್ಲಾರೆಟ್ ಮತ್ತು ಬರ್ಗಂಡಿಯ ಅಧ್ಯಾಯವನ್ನು ಮೊದಲು ಓದಿ, ಆಮೇಲೆ ಸೀಸೆ ಲೋಟಗಳ ಅಧ್ಯಾಯ, ಆಮೇಲೆ ಔತಣಗಳ ಪಟ್ಟಿ. ಮದ್ಯಸಾರ ಹೆಚ್ಚಿರುವ ಪಾನೀಯಗಳ ಅಧ್ಯಾಯಗಳನ್ನು ಬಿಟ್ಟರೂ ನಷ್ಟವಿಲ್ಲ. ಅಲ್ಲಿ ಆತನ ಮಾತಿಗೆ ಅಷ್ಟು ಪರಿಮಳವಿಲ್ಲ.